ರಸೀದಿ ಪುಸ್ತಕದ ಆಚೆಗೆ: ವಿದ್ಯಾರ್ಥಿ ಸಂಘಗಳು ಮತ್ತು ವರ್ತಕರ ಹೊಣೆ

ಶೈಕ್ಷಣಿಕ ವರ್ಷ ಮುಗಿಯುತ್ತ ಬಂದಂತೆ ಜಿಲ್ಲಾ ಕೇಂದ್ರಗಳ ಮತ್ತು ತಾಲ್ಲೂಕು ಪಟ್ಟಣಗಳ ಪೇಟೆಬೀದಿಗಳಲ್ಲಿ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಇಬ್ಬರು ಅಥವಾ ಮೂವರು ವಿದ್ಯಾರ್ಥಿಗಳು ಪ್ರಾಂಶುಪಾಲರ ಪತ್ರ, ರಸೀದಿ ಪುಸ್ತಕ ಹಾಗೂ ಜಾಹೀರಾತು ದರಪಟ್ಟಿಯೊಡನೆ ಅಂಗಡಿಯಿಂದ ಅಂಗಡಿಗೆ ತಿರುಗುತ್ತಿರುತ್ತಾರೆ. ಗಲ್ಲಾಪೆಟ್ಟಿಗೆಯ ಮುಂದೆ ಗಿರಾಕಿಗಳು ನಿಂತಿರುವ ಹೊತ್ತಿನಲ್ಲಿಯೇ ಅವರ ಆಗಮನವಾಗುತ್ತದೆ. ಮಾಲೀಕರು ದರಪಟ್ಟಿಯನ್ನು ನೋಡುವ ಗೋಜಿಗೂ ಹೋಗದೆ ಐನೂರೋ ಸಾವಿರವೋ ಕೊಟ್ಟು ಸಾಗಹಾಕುತ್ತಾರೆ. ಕಾರ್ಯಕ್ರಮ ನಡೆಯಿತೇ, ಸ್ಮರಣ ಸಂಚಿಕೆ ಅಚ್ಚಾಯಿತೇ, ಹಣ ಯಾವುದಕ್ಕೆ ಖರ್ಚಾಯಿತು ಎಂಬುದನ್ನು ಅವರು ಕೇಳುವುದಿಲ್ಲ; ವಿದ್ಯಾರ್ಥಿಗಳೂ ಬಂದು ಹೇಳುವುದಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆಯೊಂದಿಗೆ ವ್ಯವಹಾರ ಮುಕ್ತಾಯವಾಗುತ್ತದೆ.

ಕೆಲವೇ ತಿಂಗಳುಗಳಲ್ಲಿ ಇನ್ನೊಂದು ದೃಶ್ಯ. ಅದೇ ಮಾಲೀಕರು ಲೆಕ್ಕಪತ್ರದ ಕೆಲಸಕ್ಕೆ ಅಥವಾ ಕಾರ್ಖಾನೆಯ ಉಗ್ರಾಣದ ಮೇಲ್ವಿಚಾರಣೆಗೆ ಪದವೀಧರರನ್ನು ಹುಡುಕುತ್ತಾರೆ. ಅಂಕಪಟ್ಟಿಯಲ್ಲಿ ಶೇಕಡಾ 80 ಇದ್ದರೂ ಅಭ್ಯರ್ಥಿಗೆ ಒಂದು ವ್ಯವಹಾರ ಪತ್ರ ಬರೆಯಲು ಬರುವುದಿಲ್ಲ, ಉದ್ರಿ ಬಾಕಿ ಉಳಿಸಿಕೊಂಡವರೊಡನೆ ನಯವಾಗಿಯೂ ಗಟ್ಟಿಯಾಗಿಯೂ ಮಾತನಾಡಲು ತಿಳಿಯುವುದಿಲ್ಲ ಎಂಬ ಅಸಮಾಧಾನ ಎಲ್ಲೆಡೆ ಕೇಳಿಬರುತ್ತದೆ. ಈ ಎರಡು ದೃಶ್ಯಗಳಿಗೂ ಸಂಬಂಧವಿದೆ ಎಂಬುದನ್ನು ವಾಣಿಜ್ಯ ವಲಯ ಇನ್ನೂ ಸಾಕಷ್ಟು ಗಮನಿಸಿಲ್ಲ. ಪತ್ರ ಬರೆಯುವುದು, ಮಾತನಾಡುವುದು, ಪರರ ಹಣಕ್ಕೆ ಲೆಕ್ಕ ಕೊಡುವುದು ಇವೆಲ್ಲವನ್ನೂ ಯುವಕ ಯುವತಿಯರು ಮೊದಲು ಕಲಿಯುವ ಸ್ಥಳ ಕಾಲೇಜಿನ ವಿದ್ಯಾರ್ಥಿ ಸಂಘ. ಆ ಸಂಘಕ್ಕೆ ಹಣ ಒದಗಿಸುವವರು ವರ್ತಕರು. ಹಣ ಕೊಟ್ಟು ಲೆಕ್ಕ ಕೇಳದಿರುವುದರಿಂದ ಅವರು ತಮ್ಮ ಮುಂದಿನ ನೌಕರರ ಕಲಿಕೆಯನ್ನೇ ಅರ್ಧಕ್ಕೆ ನಿಲ್ಲಿಸುತ್ತಿದ್ದಾರೆ.

ಪರಂಪರೆಯ ಪಾಠ

ಕರ್ನಾಟಕದಲ್ಲಿ ಕಾಲೇಜು ಸಂಘಗಳಿಗೆ ಗೌರವದ ಇತಿಹಾಸವಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘವು ಪ್ರೊ. ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳತ್ವದಲ್ಲಿ 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ ತ್ರೈಮಾಸಿಕವನ್ನು ಹೊರತಂದಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯವೇ ಅದರ ಪ್ರಕಟಣೆಯ ಹೊಣೆ ಹೊತ್ತಿತು. ಸಾಹಿತ್ಯ ಚರಿತ್ರೆಯಲ್ಲಿ ಈ ಪತ್ರಿಕೆಗೆ ಇರುವ ಸ್ಥಾನ ಎಲ್ಲರಿಗೂ ತಿಳಿದದ್ದೇ. ಆದರೆ ಪತ್ರಿಕೆಯೆಂದರೆ ಲೇಖನಗಳಷ್ಟೇ ಅಲ್ಲ. ಕಾಗದ, ಅಚ್ಚು, ಚಂದಾ, ಅಂಚೆ, ಬಾಕಿ ವಸೂಲಿ ಇವೆಲ್ಲವೂ ಸೇರಿದ ಉದ್ಯಮ. ಕಾಲೇಜೊಂದರ ಸಂಘ ಅಂತಹ ಹೊಣೆಯನ್ನು ಹೊತ್ತಿತೆಂಬುದು ಇಂದಿನವರಿಗೆ ಮಾದರಿಯಾಗಬೇಕು.

ಚರ್ಚೆಯ ವಿಷಯದಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಆವರಣ ನೆನಪಿಗೆ ಬರುತ್ತದೆ. ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಅಲ್ಲಿ ಆರಂಭಿಸಿದ ಬೆಂಗಳೂರು ವಿಜ್ಞಾನ ವೇದಿಕೆಯು ವಾರಕ್ಕೊಂದು ಉಪನ್ಯಾಸವನ್ನು ಏರ್ಪಡಿಸುವ ಪದ್ಧತಿಯನ್ನು ಬೆಳೆಸಿತು. ಅದು ಕೇವಲ ವಿದ್ಯಾರ್ಥಿಗಳ ಸಂಘವಲ್ಲದಿದ್ದರೂ ಒಂದು ಮಾತನ್ನು ತೋರಿಸಿಕೊಟ್ಟಿದೆ: ವರ್ಷಕ್ಕೊಮ್ಮೆ ನಡೆಯುವ ಅದ್ದೂರಿ ಸಮಾರಂಭಕ್ಕಿಂತ ವಾರವಾರವೂ ತಪ್ಪದೆ ನಡೆಯುವ ಸರಳ ಸಭೆ ಹೆಚ್ಚು ಫಲ ಕೊಡುತ್ತದೆ.

ಸೇವೆಯ ಕ್ಷೇತ್ರದಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಉಲ್ಲೇಖ ಅನಿವಾರ್ಯ. ಗಾಂಧೀಜಿಯವರ ಜನ್ಮ ಶತಾಬ್ದಿಯ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು, ಅಂದಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾನಿಲಯಗಳಲ್ಲಿ ಇದಕ್ಕೆ ಚಾಲನೆ ನೀಡಿದರು. ಅವರು ಲೋಕಸಭೆಯಲ್ಲಿ ಬಳ್ಳಾರಿ ಕ್ಷೇತ್ರವನ್ನು ಪ್ರತಿನಿಧಿಸುತ್ತಿದ್ದವರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರು. ಸ್ವಯಂಸೇವಕನು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು, ಏಳು ದಿನಗಳ ವಿಶೇಷ ಶಿಬಿರದಲ್ಲಿ ಭಾಗವಹಿಸಬೇಕು ಎಂಬ ನಿಯಮ ಇದರದು. ಸೇವೆಗೂ ಗಂಟೆಯ ಲೆಕ್ಕವಿರಬೇಕು ಎಂಬ ಈ ಶಿಸ್ತು ಒಬ್ಬ ಅರ್ಥಶಾಸ್ತ್ರಜ್ಞರು ಚಾಲನೆ ನೀಡಿದ ಯೋಜನೆಯಲ್ಲಿ ಇರುವುದು ಅರ್ಥಪೂರ್ಣವಾಗಿದೆ.

ತರಗತಿಯಲ್ಲಿ ದೊರೆಯದ ಕಲಿಕೆ

ಕಾಲೇಜಿನ ವಾಣಿಜ್ಯ ಸಂಘವೊಂದು ಒಂದು ದಿನದ ಅಂತರ ಕಾಲೇಜು ಸಮಾವೇಶ ನಡೆಸುತ್ತದೆ ಎಂದು ಭಾವಿಸಬಹುದು. 200 ಜನರಿಗೆ ತಲಾ 80 ರೂಪಾಯಿಯಂತೆ ಊಟಕ್ಕೆ ಹೇಳಲಾಗಿದೆ. ಬಂದವರು 140 ಜನ. ಅಡುಗೆ ಗುತ್ತಿಗೆದಾರರು 200 ಎಲೆಗಳ ಹಣವನ್ನೇ, ಅಂದರೆ 16,000 ರೂಪಾಯಿಯನ್ನೇ ಕೇಳುತ್ತಾರೆ. ಕೂರದ 60 ಎಲೆಗಳ 4,800 ರೂಪಾಯಿ ಸಂಘಕ್ಕೆ ನಷ್ಟ. ಆ ಸಂಜೆ ಖಜಾಂಚಿಯಾದ ವಿದ್ಯಾರ್ಥಿನಿಗೆ ಮೂರು ಸಂಗತಿಗಳು ಮನದಟ್ಟಾಗುತ್ತವೆ: ಮಾತಿನ ಒಪ್ಪಂದ ಸಾಲದು, ಕನಿಷ್ಠ ಸಂಖ್ಯೆಯನ್ನು ಮೊದಲೇ ಕರಾರು ಮಾಡಿಕೊಳ್ಳಬೇಕು, ನೋಂದಣಿ ಶುಲ್ಕವನ್ನು ಮುಂಗಡವಾಗಿ ಪಡೆದಿದ್ದರೆ ಬರುವವರ ಸಂಖ್ಯೆ ತಿಳಿಯುತ್ತಿತ್ತು. ವೆಚ್ಚ ಲೆಕ್ಕಶಾಸ್ತ್ರದ ಪುಸ್ತಕದಲ್ಲಿ ಇದೇ ತತ್ತ್ವ ಅಚ್ಚಾಗಿರುತ್ತದೆ. ಆದರೆ ನೂರಾರು ಸಹಪಾಠಿಗಳಿಗೆ ಉತ್ತರ ಕೊಡಬೇಕಾದ ಸ್ಥಿತಿಯಲ್ಲಿ ಕಲಿತದ್ದು ಮರೆಯುವುದಿಲ್ಲ.

ಚರ್ಚಾಕೂಟದ ಪ್ರಯೋಜನ ಬೇರೆ ಬಗೆಯದು. ಎದುರಾಳಿಯ ಮಾತನ್ನು ಪೂರ್ತಿ ಕೇಳಿ, ಅದರಲ್ಲಿ ಒಪ್ಪತಕ್ಕದ್ದನ್ನು ಒಪ್ಪಿ, ಉಳಿದುದಕ್ಕೆ ಉತ್ತರ ಹೇಳುವ ಅಭ್ಯಾಸ ಅಲ್ಲಿ ಬರುತ್ತದೆ. ದರದ ಮಾತುಕತೆಗೆ ಕುಳಿತ ವರ್ತಕನಿಗೆ ಇದಕ್ಕಿಂತ ಉಪಯುಕ್ತವಾದ ವಿದ್ಯೆ ಇನ್ನೊಂದಿಲ್ಲ. ಸಭೆಯ ನಡಾವಳಿಯನ್ನು ನಾಲ್ಕು ಸಾಲಿನಲ್ಲಿ ತಪ್ಪಿಲ್ಲದೆ ಬರೆಯಬಲ್ಲ ಕಾರ್ಯದರ್ಶಿಯು ನಾಳೆ ಕಂಪನಿಯ ಪತ್ರವ್ಯವಹಾರವನ್ನೂ ನಿಭಾಯಿಸಬಲ್ಲನು.

ಸ್ವಯಂಸೇವೆಯಲ್ಲಿ ಸಂಬಳವಿಲ್ಲ, ಆದುದರಿಂದ ಅಧಿಕಾರದ ಬಲವೂ ಇಲ್ಲ. ಹಳ್ಳಿಯ ಶಿಬಿರದಲ್ಲಿ ಬೆಳಗಿನ ಆರು ಗಂಟೆಗೆ ಹತ್ತು ಜನರನ್ನು ಎಬ್ಬಿಸಿ ಚರಂಡಿಯ ಕೆಲಸಕ್ಕೆ ಕರೆದೊಯ್ಯುವ ತಂಡದ ನಾಯಕನಿಗೆ ದಂಡ ಹಾಕುವ ಹಕ್ಕಿಲ್ಲ. ತಾನೇ ಮೊದಲು ಗುದ್ದಲಿ ಹಿಡಿಯಬೇಕಾಗುತ್ತದೆ. ಎಂಟು ಹತ್ತು ಕೆಲಸಗಾರರಿರುವ ಸಣ್ಣ ಕೈಗಾರಿಕೆಯನ್ನು ನಡೆಸುವವರು ಈ ಗುಣದ ಬೆಲೆಯನ್ನು ಬಲ್ಲರು. ನೆರೆ ಬಂದಾಗ ಪರಿಹಾರ ಸಾಮಗ್ರಿ ಸಂಗ್ರಹಿಸುವ ಕೆಲಸದಲ್ಲಿಯೂ ಇಂಥದೇ ಕಲಿಕೆಯಿದೆ. ಸಂತ್ರಸ್ತರಿಗೆ ಬೇಕಾದದ್ದು ಏನೆಂದು ವಿಚಾರಿಸದೆ ಲಾರಿ ತುಂಬ ಹಳೆಯ ಬಟ್ಟೆ ಕಳುಹಿಸಿದರೆ ಸಾಗಣೆ ವೆಚ್ಚವೂ ವ್ಯರ್ಥ, ಇಳಿಸಿಕೊಳ್ಳುವವರಿಗೂ ಹೊರೆ. ಬೇಡಿಕೆಯನ್ನು ಅರಿತು ಸರಕು ಕಳುಹಿಸಬೇಕೆಂಬ ವ್ಯಾಪಾರದ ಮೂಲಪಾಠ ಸೇವೆಗೂ ಅನ್ವಯಿಸುತ್ತದೆ.

ದಾರಿ ತಪ್ಪಿದ್ದು ಎಲ್ಲಿ?

ಈ ಕಲಿಕೆಯ ಅವಕಾಶ ಅನೇಕ ಕಾಲೇಜುಗಳಲ್ಲಿ ಕ್ಷೀಣಿಸಿದೆ. ಉತ್ಸವದ ಇಡೀ ವ್ಯವಸ್ಥೆಯನ್ನು ಕಾರ್ಯಕ್ರಮ ನಿರ್ವಹಣಾ ಸಂಸ್ಥೆಗಳಿಗೆ ವಹಿಸಿಕೊಟ್ಟು ವಿದ್ಯಾರ್ಥಿಗಳು ಟೀ ಶರ್ಟ್ ತೊಟ್ಟು ಓಡಾಡುವುದಷ್ಟೇ ಉಳಿದಿದೆ. ಹಣದ ದೊಡ್ಡ ಪಾಲು ಬೆಳಕು, ಧ್ವನಿವರ್ಧಕ ಮತ್ತು ತಾರೆಯರ ಸಂಭಾವನೆಗೆ ಹೋಗುತ್ತದೆ. ಸ್ವಯಂಸೇವೆಯು ಪ್ರಮಾಣಪತ್ರಕ್ಕಾಗಿ, ಗಿಡ ನೆಡುವುದು ಛಾಯಾಚಿತ್ರಕ್ಕಾಗಿ ಎಂಬಂತಾಗಿದೆ. ಇದಕ್ಕೆ ವಿದ್ಯಾರ್ಥಿಗಳನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ. ತಮ್ಮ ಬ್ಯಾನರು ವೇದಿಕೆಯ ಮಧ್ಯಭಾಗದಲ್ಲಿಯೇ ಇರಬೇಕೆಂದು ಪಟ್ಟು ಹಿಡಿಯುವ ಪ್ರಾಯೋಜಕರು, ಗ್ರಂಥಾಲಯದ ಸಭಾಂಗಣದಲ್ಲಿ ನಡೆಯುವ ಚರ್ಚಾಕೂಟಕ್ಕೆ ಐದು ನೂರು ರೂಪಾಯಿ ಕೊಡಲೂ ಹಿಂದೆಗೆಯುತ್ತಾರೆ.

ಇನ್ನೊಂದು ಕೊರತೆಯೂ ಇದೆ. ಗ್ರಾಮಾಂತರ ಪ್ರದೇಶದಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿನಿಯರು ಸಂಜೆಯ ಬಸ್ಸು ತಪ್ಪಿದರೆ ಊರು ಸೇರುವುದು ಕಷ್ಟ. ಅನೇಕ ಹುಡುಗರು ತರಗತಿ ಮುಗಿದೊಡನೆ ಅಂಗಡಿಗಳಲ್ಲಿ, ಗ್ಯಾರೇಜುಗಳಲ್ಲಿ ದುಡಿಯಲು ಹೋಗುತ್ತಾರೆ. ಸಂಘದ ಸಭೆಗಳು ಸಂಜೆಯಲ್ಲಿ ಏರ್ಪಾಡಾದರೆ ಇವರೆಲ್ಲ ಹೊರಗುಳಿಯುತ್ತಾರೆ. ಮನೆಯಲ್ಲಿ ವ್ಯವಹಾರದ ಮಾತನ್ನೇ ಕೇಳದ, ಈ ಕಲಿಕೆಯ ಅಗತ್ಯ ಹೆಚ್ಚಾಗಿರುವ ಮಕ್ಕಳಿಗೇ ಅವಕಾಶ ತಪ್ಪುತ್ತದೆ. ವಾರದಲ್ಲಿ ಒಂದು ಗಂಟೆಯನ್ನು ಹಗಲಿನ ವೇಳಾಪಟ್ಟಿಯಲ್ಲಿಯೇ ಸಂಘದ ಕೆಲಸಕ್ಕೆ ಮೀಸಲಿಡುವುದು ಕಾಲೇಜುಗಳಿಗೆ ಅಸಾಧ್ಯವೇನಲ್ಲ. ದೇಣಿಗೆ ನೀಡುವವರು ಈ ಮಾತನ್ನು ಪ್ರಾಂಶುಪಾಲರ ಮುಂದಿಡಬಹುದು.

ಕೊಡುವವರು ತಿಳಿದಿರಬೇಕಾದದ್ದು

ಜಾಹೀರಾತು ಬೇರೆ, ದೇಣಿಗೆ ಬೇರೆ. ಸ್ಮರಣ ಸಂಚಿಕೆಯ ಜಾಹೀರಾತಿಗೆ ಕೊಟ್ಟ ಹಣ ವ್ಯವಹಾರಕ್ಕಾಗಿಯೇ ಆಗಿದ್ದರೆ ಅದು ವ್ಯವಹಾರದ ಖರ್ಚು. ಅದಕ್ಕೆ ಬಿಲ್ಲು ಮತ್ತು ಅಚ್ಚಾದ ಪ್ರತಿ ಕಡತದಲ್ಲಿರಬೇಕು. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಪಾವತಿಸಿದರೆ ಸಾಮಾನ್ಯವಾಗಿ ಆ ಖರ್ಚಿಗೆ ಮಾನ್ಯತೆ ಇಲ್ಲ. ದೇಣಿಗೆಯಾದರೆ ಪಡೆಯುವ ಸಂಸ್ಥೆಗೆ ಆದಾಯ ತೆರಿಗೆ ಇಲಾಖೆಯ ಅನುಮೋದನೆ ಇರಬೇಕು. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ರಿಯಾಯಿತಿ ದೊರೆಯದು. ಹೊಸ ತೆರಿಗೆ ಪದ್ಧತಿಯನ್ನು ಅನುಸರಿಸುವ ವ್ಯಕ್ತಿಗಳಿಗಂತೂ ಈ ರಿಯಾಯಿತಿಯೇ ಇಲ್ಲ. ವಿದ್ಯಾರ್ಥಿ ಸಂಘದ ರಸೀದಿ ಪುಸ್ತಕದ ಹಾಳೆಯೊಂದನ್ನು ಹರಿದುಕೊಟ್ಟ ಮಾತ್ರಕ್ಕೆ ತೆರಿಗೆಯಲ್ಲಿ ಉಳಿತಾಯವಾಗುವುದೆಂಬ ನಂಬಿಕೆ ತಪ್ಪು.

ದೊಡ್ಡ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯೂ ಇಲ್ಲಿ ಗಮನಾರ್ಹ. ತಮ್ಮ ಸರಕು ಅಥವಾ ಸೇವೆಯ ಪ್ರಚಾರದ ಲಾಭಕ್ಕಾಗಿ ನೀಡುವ ಪ್ರಾಯೋಜಕತ್ವವನ್ನು ಸಾಮಾಜಿಕ ಹೊಣೆಗಾರಿಕೆಯ ವೆಚ್ಚವೆಂದು ಪರಿಗಣಿಸಲಾಗದು ಎಂದು ಆ ನಿಯಮಗಳು ಸ್ಪಷ್ಟಪಡಿಸಿವೆ. ಸಣ್ಣ ಉದ್ಯಮಿಗಳಿಗೆ ಈ ನಿಯಮದ ಕಟ್ಟುಪಾಡು ಇಲ್ಲದಿದ್ದರೂ ಅದರ ಹಿಂದಿನ ವಿವೇಕ ಅವರಿಗೂ ಸಲ್ಲುತ್ತದೆ: ಪ್ರಚಾರಕ್ಕೆ ಕೊಟ್ಟದ್ದನ್ನು ಸೇವೆಯೆಂದು ಕರೆಯಬಾರದು.

ಲೆಕ್ಕ ಕೇಳುವುದು ಅವಮಾನವಲ್ಲ

ವಿದ್ಯಾರ್ಥಿಗಳಿಂದ ಲೆಕ್ಕ ಕೇಳಿದರೆ ಅವರ ಪ್ರಾಮಾಣಿಕತೆಯನ್ನು ಶಂಕಿಸಿದಂತಾಗುತ್ತದೆ ಎಂಬ ಸಂಕೋಚ ಹಲವರಲ್ಲಿದೆ. 2006ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಜಾರಿಗೆ ಬಂದ ಲಿಂಗ್ಡೊ ಸಮಿತಿಯ ಶಿಫಾರಸುಗಳು ವಿದ್ಯಾರ್ಥಿ ಚುನಾವಣೆಯ ಅಭ್ಯರ್ಥಿಯ ಖರ್ಚಿಗೆ 5,000 ರೂಪಾಯಿಯ ಮಿತಿ ಹಾಕಿ, ಫಲಿತಾಂಶದ ಎರಡು ವಾರಗಳೊಳಗೆ ಲೆಕ್ಕ ಒಪ್ಪಿಸಬೇಕೆಂದಿವೆ. ತನ್ನ ಹಣ ಖರ್ಚು ಮಾಡುವ ಅಭ್ಯರ್ಥಿಗೇ ಲೆಕ್ಕ ಕಡ್ಡಾಯವಾದರೆ, ಊರಿನವರ ಹಣ ಖರ್ಚು ಮಾಡುವ ಸಂಘಕ್ಕೆ ಅದು ಹೊರೆಯೆನಿಸಬಾರದು.

ಆದುದರಿಂದ ವರ್ತಕರು ಕೆಲವು ಸರಳ ಕ್ರಮಗಳನ್ನು ಅನುಸರಿಸಬಹುದು. ಹಣ ಕೇಳಲು ಬಂದವರಿಂದ ಒಂದು ಪುಟದ ಆಯವ್ಯಯ ಅಂದಾಜನ್ನೂ ಹಿಂದಿನ ವರ್ಷದ ಜಮಾ ಖರ್ಚಿನ ಪಟ್ಟಿಯನ್ನೂ ಪಡೆಯಬೇಕು. ಹಣವನ್ನು ಚೆಕ್ಕಿನ ಮೂಲಕ ಅಥವಾ ಯುಪಿಐ ಮೂಲಕ ಕಾಲೇಜಿನ ಅಧಿಕೃತ ಖಾತೆಗೇ ಸಲ್ಲಿಸಬೇಕು; ವಿದ್ಯಾರ್ಥಿಯ ಸ್ವಂತ ಮೊಬೈಲು ಸಂಖ್ಯೆಗೆ ಕಳುಹಿಸುವ ರೂಢಿ ನಿಲ್ಲಬೇಕು. ಒಪ್ಪಿದ ಮೊತ್ತದ ಮುಕ್ಕಾಲು ಪಾಲನ್ನು ಮೊದಲು ಕೊಟ್ಟು, ಉಳಿದ ಕಾಲು ಪಾಲನ್ನು ಲೆಕ್ಕ ತಂದು ತೋರಿಸಿದ ದಿನ ಕೊಡಬಹುದು. ಲೆಕ್ಕದಲ್ಲಿ ನಷ್ಟ ಕಂಡರೆ ಗದರಬಾರದು; ಕಾರಣ ಕೇಳಿ ತಿಳಿಸಿಹೇಳಬೇಕು. ಮುಚ್ಚಿಡದ ನಷ್ಟ ಕೂಡ ಶಿಕ್ಷಣವೇ.

ವಾಣಿಜ್ಯ ಸಂಸ್ಥೆಗಳು ಸಾಮೂಹಿಕವಾಗಿ ಮಾಡಬಹುದಾದ ಕೆಲಸವೂ ಇದೆ. ತಮ್ಮ ವ್ಯಾಪ್ತಿಯ ಕಾಲೇಜುಗಳ ಖಜಾಂಚಿಗಳಿಗೆ ವರ್ಷಾರಂಭದಲ್ಲಿ ಅರ್ಧ ದಿನದ ತರಬೇತಿ ಏರ್ಪಡಿಸಿ ವೋಚರು ಬರೆಯುವುದು, ಕೊಟೇಷನ್ ಪಡೆಯುವುದು, ಬ್ಯಾಂಕಿನ ಲೆಕ್ಕ ತಾಳೆ ನೋಡುವುದು ಇವನ್ನು ಕಲಿಸಬಹುದು. ಉತ್ತಮ ನೃತ್ಯಕ್ಕೆ, ಉತ್ತಮ ಗಾಯನಕ್ಕೆ ಪಾರಿತೋಷಕಗಳಿವೆ. ಉತ್ತಮವಾಗಿ ಲೆಕ್ಕ ಇಟ್ಟ ವಿದ್ಯಾರ್ಥಿ ಸಂಘಕ್ಕೂ ಒಂದು ಪಾರಿತೋಷಕವನ್ನು ವಾಣಿಜ್ಯ ಸಂಸ್ಥೆಯಲ್ಲದೆ ಇನ್ನಾರು ಕೊಡಬೇಕು? ನೌಕರಿಯ ಸಂದರ್ಶನದಲ್ಲಿ ಅಂಕಪಟ್ಟಿಯನ್ನು ನೋಡಿದ ಬಳಿಕ, ಕಾಲೇಜಿನಲ್ಲಿ ಯಾವ ಸಂಘದ ಹೊಣೆ ಹೊತ್ತಿದ್ದಿರಿ, ಅಲ್ಲಿ ಎದುರಾದ ತೊಂದರೆ ಯಾವುದು ಎಂದು ಕೇಳುವ ಪರಿಪಾಠ ಬೆಳೆಯಲಿ. ಬಡತನದಿಂದ ದುಡಿಯುತ್ತ ಓದಿದವರಿಗೆ ಸಂಘದ ಅನುಭವ ಇಲ್ಲದಿರಬಹುದು. ಅವರ ದುಡಿಮೆಯ ಅನುಭವಕ್ಕೂ ಅದೇ ಮನ್ನಣೆ ಸಲ್ಲಬೇಕು.

ಮುಂದಿನ ಬಾರಿ ರಸೀದಿ ಪುಸ್ತಕ ಹಿಡಿದ ವಿದ್ಯಾರ್ಥಿಗಳು ಅಂಗಡಿಯ ಮೆಟ್ಟಿಲೇರಿದಾಗ ಮಾಲೀಕರು ಅವರನ್ನು ಕುಳ್ಳಿರಿಸಿ, ನೀರು ಕೊಟ್ಟು, ಹೋದ ವರ್ಷದ ಲೆಕ್ಕ ಎಲ್ಲಿ ಎಂದು ಕೇಳಲಿ. ತಂದಿಲ್ಲವೆಂದರೆ ತೆಗೆದುಕೊಂಡು ಬರುವಂತೆ ಹೇಳಿ ಕಳುಹಿಸಲಿ. ಮರುದಿನ ಲೆಕ್ಕದ ಹಾಳೆಯೊಡನೆ ಮರಳಿ ಬಂದವರಿಗೆ ಕೊಡಬೇಕೆಂದಿದ್ದ ಮೊತ್ತಕ್ಕಿಂತ ತುಸು ಹೆಚ್ಚನ್ನೇ ಕೊಡಬಹುದು. ಅವರ ಹೆಸರನ್ನೂ ಬರೆದಿಟ್ಟುಕೊಳ್ಳಬಹುದು. ಪದವಿ ಮುಗಿದ ಮೇಲೆ ಅವರು ಕೆಲಸ ಕೇಳಿಕೊಂಡು ಅದೇ ಅಂಗಡಿಗೆ ಬರುವ ಸಾಧ್ಯತೆ ಇದ್ದೇ ಇದೆ.