ಎಣಿಸಿ ಹೊಲಿದ ಚರಿತ್ರೆ

ಹಳೆಯ ಕಟ್ಟಡವೊಂದರ ಚರಿತ್ರೆಯನ್ನು ಬರೆಯಿರೆಂದರೆ ನಮ್ಮ ವಿದ್ಯಾರ್ಥಿನಿಯರು ಸಾಧಾರಣವಾಗಿ ಕಟ್ಟಿಸಿದವರ ಹೆಸರನ್ನೂ ಕಟ್ಟಿದ ಕಾಲವನ್ನೂ ಬರೆದು ಲೇಖನಿಯನ್ನು ಕೆಳಗಿಡುತ್ತಾರೆ. ಪರೀಕ್ಷೆಗೆ ಅಷ್ಟು ಸಾಕಾಗಬಹುದು. ಆದರೆ ಆ ಕಟ್ಟಡವು ಎಷ್ಟು ವರ್ಷ ಜನರಿಂದ ತುಂಬಿತ್ತು, ಎಂದು ಬರಿದಾಯಿತು, ಏಕೆ ಬರಿದಾಯಿತು ಎಂಬಿವೂ ಚರಿತ್ರೆಯೇ ಅಲ್ಲವೇ? ಇವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಲು ಅಂಕೆಗಳನ್ನು ಚಿತ್ರವಾಗಿಸುವುದು ಉತ್ತಮ ಸಾಧನವೆಂದೂ, ಆ ಚಿತ್ರವನ್ನು ನಮ್ಮ ಬಾಲಿಕೆಯರು ಸೂಜಿದಾರಗಳಿಂದ ಸ್ವಹಸ್ತದಲ್ಲಿ ರಚಿಸಬೇಕೆಂದೂ ನನ್ನ ಅಭಿಪ್ರಾಯ.

ಇದು ತೀರ ಹೊಸ ವಿಚಾರವೇನೂ ಅಲ್ಲ. ಕ್ರಿಮಿಯಾ ಯುದ್ಧದಲ್ಲಿ ಸೈನಿಕರ ಶುಶ್ರೂಷೆಮಾಡಿದ ಫ್ಲಾರೆನ್ಸ್ ನೈಟಿಂಗೇಲರು ಅಲ್ಲಿನ ಮರಣಗಳ ಲೆಕ್ಕವನ್ನು 1858ರಲ್ಲಿ ಬಣ್ಣದ ದಳಗಳುಳ್ಳ ಚಕ್ರಗಳಾಗಿ ಮುದ್ರಿಸಿದರು. ಗಾಯಗಳಿಂದ ಸತ್ತವರಿಗಿಂತ, ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರೇ ಬಹಳ ಹೆಚ್ಚೆಂಬುದು ಅದರಿಂದ ಒಂದೇ ನೋಟಕ್ಕೆ ತಿಳಿಯುತ್ತಿತ್ತು. ನಮ್ಮ ಕಸೂತಿಯಂತೂ ಮೊದಲಿನಿಂದಲೂ ಎಣಿಕೆಯ ಕಲೆಯೇ. ಧಾರವಾಡದ ಕಡೆಯ ಸ್ತ್ರೀಯರು ಬಟ್ಟೆಯ ಮೇಲೆ ಗೆರೆಯೆಳೆದುಕೊಳ್ಳದೆ, ಎಳೆಗಳನ್ನು ಎಣಿಸಿಯೇ ಗೋಪುರವನ್ನೂ ತೇರನ್ನೂ ಮೂಡಿಸುತ್ತಾರೆ. ಒಂದೆಳೆ ತಪ್ಪಿದರೂ ಗೋಪುರವು ಓರೆಯಾಗುತ್ತದೆ.

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ರೋಜರಿ ಚರ್ಚನ್ನು ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಫ್ರೆಂಚ್ ಮಿಶನರಿಗಳು 1860ರ ದಶಕದಲ್ಲಿ ಹೇಮಾವತಿಯ ತೀರದಲ್ಲಿ ಗಾಥಿಕ್ ಶೈಲಿಯ ಈ ದೇವಾಲಯವನ್ನು ಕಟ್ಟಿಸಿದರು. ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ನೀರು ನಿಲ್ಲುವ ನೆಲದ ಊರುಗಳವರು ಮನೆಮಾರುಗಳನ್ನು ಬಿಟ್ಟು ಬೇರೆಡೆಗೆ ಹೋಗಬೇಕಾಯಿತು. ಈಗ ಜಲಾಶಯವು ತುಂಬಿದಾಗ ಚರ್ಚು ಅರ್ಧ ಮುಳುಗಿ ನಿಲ್ಲುತ್ತದೆ. ಬೇಸಗೆಯಲ್ಲಿ ನೀರಿಳಿದಾಗ ಮಾಡಿಲ್ಲದ ಗೋಡೆಗಳು ಕಾಣುತ್ತವೆ, ಅವೂ ಕುಸಿಯುತ್ತಿವೆ.

ಇದನ್ನು ವರ್ಷಕ್ಕೊಂದು ಹೊಲಿಗೆಯಂತೆ ಬಟ್ಟೆಗಿಳಿಸೋಣ. ಕಟ್ಟೋಣದ ದಶಕಕ್ಕೆ ಇಟ್ಟಿಗೆಯ ಬಣ್ಣದ 10 ಹೊಲಿಗೆಗಳು. 1870ರಿಂದ 1978ರವರೆಗೆ ಕೆಂಪಿನ 109. 1979ರಿಂದ ಈಚೆಗೆ ನೀಲಿ. ನೂರಕ್ಕೂ ಮಿಕ್ಕಿದ ಕೆಂಪು ಹೊಲಿಗೆಗಳನ್ನು ಹಾಕಿ ಬೆರಳು ನೊಂದ ಹುಡುಗಿ ನೀಲಿಯ ದಾರವನ್ನು ಸೂಜಿಗೆ ಪೋಣಿಸುವಾಗ, ಆ ಊರು ಏನನ್ನು ಬಿಟ್ಟುಕೊಟ್ಟಿತೆಂಬುದನ್ನು ಉಪಾಧ್ಯಾಯಿನಿಯು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಗಣಕಯಂತ್ರವು ಇಂತಹ ಚಿತ್ರವನ್ನು ಕ್ಷಣಮಾತ್ರದಲ್ಲಿ ಬರೆದುಕೊಡುವಾಗ ಪಾಠದ ಹೊತ್ತನ್ನು ಹೊಲಿಗೆಯಲ್ಲಿ ಕಳೆಯುವುದೇಕೆಂದು ಕೆಲವರು ಕೇಳಬಹುದು. ಲಕ್ಷಗಟ್ಟಲೆ ಅಂಕೆಗಳಿದ್ದಲ್ಲಿ ಯಂತ್ರವೇ ಸರಿ. ಆದರೆ ಒಂದೊಂದು ಅಂಕೆಯೂ ಮನುಷ್ಯರು ಬಾಳಿದ ಒಂದೊಂದು ವರ್ಷವಾಗಿರುವಾಗ, ನಿಧಾನವೇ ಪಾಠವಾಗುತ್ತದೆ. ಕೈಯಿಂದ ಎಣಿಸಿದ್ದನ್ನು ಮನಸ್ಸು ಬೇಗ ಮರೆಯುವುದಿಲ್ಲ.

ಇದಕ್ಕಿಂತ ಗಂಭೀರವಾದ ಇನ್ನೊಂದು ಆಕ್ಷೇಪವುಂಟು: ಚಂದದ ಕಸೂತಿಯು ನೋಡುವವರನ್ನು ಮರುಳುಗೊಳಿಸಲಾರದೇ? ಖಂಡಿತವಾಗಿಯೂ ಮರುಳುಗೊಳಿಸಬಲ್ಲದು. ಜ್ಞಾನೋಕ್ತಿಗಳ ಗ್ರಂಥವು ಮೋಸದ ತ್ರಾಸನ್ನು ಖಂಡಿಸುತ್ತದೆ. ಅಳತೆ ಕೆಟ್ಟ ಹೊಲಿಗೆಯೂ ಮೋಸದ ತ್ರಾಸೇ. ಚೆಲುವಿಗಾಗಿ ಕೆಂಪನ್ನು ಹಿಗ್ಗಿಸಬಾರದು, ದುಃಖಕ್ಕಾಗಿ ನೀಲಿಯನ್ನು ಹೆಚ್ಚಿಸಲೂ ಬಾರದು. ಅದೇ ಹೇಮಾವತಿಯ ನೀರು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗದ್ದೆಗಳಿಗೆ ಹರಿಯುತ್ತದೆ. ನೀಲಿಯ ಪಕ್ಕದಲ್ಲಿ ಅದಕ್ಕೊಂದು ಹಸುರಿನ ಸಾಲನ್ನು ಹೊಲಿಯದಿದ್ದರೆ ನಮ್ಮ ಬಟ್ಟೆಯು ಅರ್ಧಸತ್ಯವನ್ನು ಹೇಳಿದಂತಾಗುವುದು. ಹಸುರನ್ನೇ ಹೊಗಳಿ ಮನೆಬಿಟ್ಟವರನ್ನು ಮರೆತರೆ ಅದೂ ಅರ್ಧಸತ್ಯವೇ. ಕಸೂತಿಯ ಗವಂತಿ ಹೊಲಿಗೆಯಲ್ಲಿ ಗಂಟು ಹಾಕುವ ಪದ್ಧತಿಯಿಲ್ಲ. ಬಟ್ಟೆಯ ಎರಡು ಮಗ್ಗುಲೂ ಒಂದೇ ತೆರನಾಗಿರುತ್ತವೆ. ಲೆಕ್ಕವೂ ಹಾಗೆಯೇ ಇರತಕ್ಕದ್ದು.

ಆದುದರಿಂದ ಪ್ರತಿಯೊಂದು ತರಗತಿಯೂ ತನ್ನ ಊರಿನ ಹಳೆಯ ಛತ್ರವನ್ನೋ ದೇವಾಲಯವನ್ನೋ ಶಾಲೆಯನ್ನೋ ಆರಿಸಿಕೊಂಡು, ಕಡತಗಳನ್ನು ನೋಡಿ, ಹಿರಿಯರನ್ನು ವಿಚಾರಿಸಿ, ವರ್ಷಕ್ಕೊಂದು ಬಟ್ಟೆಯನ್ನು ಸಿದ್ಧಪಡಿಸಲೆಂದು ನನ್ನ ಬಿನ್ನಹ. ಪೋಷಕರು ಇದನ್ನು ಕಾಲಹರಣವೆಂದೆಣಿಸದೆ, ತಮ್ಮ ಮನೆಯ ಅಜ್ಜ ಅಜ್ಜಿಯರ ಬಳಿ ಮಕ್ಕಳನ್ನು ಕುಳ್ಳಿರಿಸಿ ಸಹಕರಿಸಬೇಕು. ಗೋಡೆಗಳು ಬಿದ್ದ ಮೇಲೆ ಕಡತಗಳಾದರೂ ಉಳಿದಾವು. ಅಲ್ಲಿ ಬಾಳಿದವರು ಹೋದ ಮೇಲೆ ಯಾರನ್ನು ಕೇಳೋಣ?