40 ವರ್ಷ ಹಳೆಯ ಕಂಪ್ಯೂಟರ್‌ಗೆ ಹೊಸ ಬೋರ್ಡ್ ಹಾಕಿದರೆ ಅದು ಹೊಸ ಕಂಪ್ಯೂಟರ್ ಆಗುತ್ತದೆಯೇ?

ಹಳೆಯ ಕಂಪ್ಯೂಟರ್‌ಗೆ ಅಂಗೈಯಗಲದ ಬೋರ್ಡ್ ಜೋಡಿಸಿ, ಅದು ಹೊಸದರಂತೆ ಓಡುತ್ತದೆ ಎಂದು ತೋರಿಸುವ ವಿಡಿಯೊಗಳನ್ನು ನೀವೂ ನೋಡಿರಬಹುದು. ಇದು ಎಷ್ಟು ನಿಜ? ಬಿಬಿಸಿ ಮೈಕ್ರೊ ಕಂಪ್ಯೂಟರ್‌ನ ಉದಾಹರಣೆಯೊಂದಿಗೆ ನೋಡೋಣ.

ಏನಿದು ಬಿಬಿಸಿ ಮೈಕ್ರೊ?

ಬ್ರಿಟನ್‌ನ ಏಕಾರ್ನ್ ಕಂಪನಿ 1981ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿದ ಕಂಪ್ಯೂಟರ್ ಇದು. ಇದರ 'ಮಾಡೆಲ್ ಬಿ'ಯಲ್ಲಿದ್ದ ರ‍್ಯಾಮ್ ಕೇವಲ 32 ಕಿಲೋಬೈಟ್. ನಿಮ್ಮ ಫೋನಿಗೆ ಬರುವ ಒಂದು ಗುಡ್ ಮಾರ್ನಿಂಗ್ ಫೋಟೊ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದಿರುತ್ತದೆ. 1984ರಲ್ಲಿ ಶುರುವಾದ ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆಯಡಿ ಇದು ಭಾರತದ ಶಾಲೆಗಳಿಗೂ ಬಂದಿತ್ತು.

ಮೊದಲು ಬದಲಿಸಬೇಕಾದದ್ದು ಏನು?

ವಿಡಿಯೊಗಳು ಹೆಚ್ಚಾಗಿ ಹೇಳದ ಮಾತು ಇದು. ಮೊದಲ ಕೆಲಸ ಪವರ್ ಸಪ್ಲೈಯದ್ದು. ಅದರೊಳಗೆ ಕಾಗದದ ಪದರಗಳಿರುವ ಹಳೆಯ ಕೆಪಾಸಿಟರ್‌ಗಳಿವೆ. ಫ್ಯಾನ್ ರಿಪೇರಿಯವರು ಕಂಡೆನ್ಸರ್ ಎನ್ನುವ ಜಾತಿಯದೇ ಭಾಗ. ವರ್ಷಗಳು ಕಳೆದಂತೆ ಇವುಗಳ ಹೊರಕವಚ ಬಿರುಕು ಬಿಟ್ಟು, ಒಳಗೆ ತೇವಾಂಶ ಸೇರುತ್ತದೆ. ಬಹಳ ಕಾಲದ ನಂತರ ಪ್ಲಗ್‌ಗೆ ಹಾಕಿದಾಗ ಇವು ಸಿಡಿದು, ಕಟುವಾಸನೆಯ ಹೊಗೆ ಬರಬಹುದು. ಹಾಗಾಗಿ ಸ್ವಿಚ್ ಹಾಕುವ ಮೊದಲೇ ಇವನ್ನು 'ಎಕ್ಸ್2' ದರ್ಜೆಯ ಹೊಸ ಕೆಪಾಸಿಟರ್‌ಗಳಿಂದ ಬದಲಿಸಬೇಕು. ಪ್ಲಗ್ ತೆಗೆದ ಮೇಲೂ ಪವರ್ ಸಪ್ಲೈ ಒಳಗೆ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು. ಇದು ಅನುಭವಿ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಮಾಡಬೇಕಾದ ಕೆಲಸ, ವಿಡಿಯೊ ನೋಡಿ ಮಾಡುವಂಥದ್ದಲ್ಲ.

ಹೊಸ ಬೋರ್ಡ್ ಏನು ಮಾಡುತ್ತದೆ?

ಅಂದು ಪ್ರೋಗ್ರಾಂಗಳನ್ನು ಟೇಪ್ ರೆಕಾರ್ಡರ್‌ನ ಕ್ಯಾಸೆಟ್‌ನಿಂದ ಲೋಡ್ ಮಾಡಲು ನಿಮಿಷಗಟ್ಟಲೆ ಕಾಯಬೇಕಿತ್ತು. ಈಗ ಎಸ್‌ಡಿ ಕಾರ್ಡ್ ಜೋಡಿಸಿದರೆ ಅದೇ ಕೆಲಸ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ.

ಇನ್ನೊಂದು ದಾರಿ, ಯಂತ್ರದ ತಳಭಾಗದಲ್ಲಿರುವ 'ಟ್ಯೂಬ್' ಎಂಬ ಕನೆಕ್ಟರ್. ಎರಡನೇ ಪ್ರೊಸೆಸರ್ ಜೋಡಿಸಲೆಂದೇ ಏಕಾರ್ನ್ ಇದನ್ನು ಇಟ್ಟಿತ್ತು. ಇಂದು ಇಲ್ಲಿಗೆ ರಾಸ್ಪ್‌ಬೆರಿ ಪೈ ಬೋರ್ಡ್ ಜೋಡಿಸುತ್ತಾರೆ. ಹಳೆಯ ಯಂತ್ರ 5 ವೋಲ್ಟ್‌ನದ್ದು, ಪೈ 3.3 ವೋಲ್ಟ್‌ನದ್ದು. ನಡುವೆ ವೋಲ್ಟೇಜ್ ಹೊಂದಿಸುವ ಸಣ್ಣ ಬೋರ್ಡ್ ಇಲ್ಲದಿದ್ದರೆ ಪೈ ಸುಟ್ಟುಹೋಗಬಹುದು.

ಲೆಕ್ಕಾಚಾರವೇನೋ ವೇಗವಾಗುತ್ತದೆ. ಆದರೆ ಕೀಬೋರ್ಡ್, ಪರದೆಯನ್ನು ನೋಡಿಕೊಳ್ಳುವುದು 2 ಮೆಗಾಹರ್ಟ್ಸ್‌ನ ಹಳೆಯ ಚಿಪ್ಪೇ. ಪರದೆಯ ಮೇಲೆ ಮೂಲ ಬಣ್ಣಗಳು ಆಗಲೂ ಎಂಟು, ಈಗಲೂ ಎಂಟು. ಇದರಲ್ಲಿ ಯೂಟ್ಯೂಬ್, ವಾಟ್ಸ್‌ಆ್ಯಪ್ ನಡೆಯುವುದಿಲ್ಲ.

ಹಾಗಾದರೆ ಇದರಿಂದ ಏನು ಲಾಭ?

ಇತಿಹಾಸ ಉಳಿಯುತ್ತದೆ. ಏಕಾರ್ನ್‌ನ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ರೂಪಿಸಿದ ಮೊದಲ ಆರ್ಮ್ ಚಿಪ್ 1985ರ ಏಪ್ರಿಲ್ 26ರಂದು ಕೆಲಸ ಮಾಡಿತು. ಅದನ್ನು ಪರೀಕ್ಷಿಸಿದ್ದು ಇದೇ ಬಿಬಿಸಿ ಮೈಕ್ರೊಗೆ ಎರಡನೇ ಪ್ರೊಸೆಸರ್ ಆಗಿ ಜೋಡಿಸಿ. ಇಂದು ರಾಸ್ಪ್‌ಬೆರಿ ಪೈಯಲ್ಲಿ, ನೀವು ಈ ಲೇಖನ ಓದುತ್ತಿರುವ ಫೋನಿನಲ್ಲಿ ಬಹುತೇಕ ಖಚಿತವಾಗಿ ಇರುವುದು ಅದೇ ಆರ್ಮ್ ವಂಶದ ಚಿಪ್.

ಒಟ್ಟಿನಲ್ಲಿ, ಹಳೆಯ ಕಂಪ್ಯೂಟರ್‌ಗೆ ಮರುಜೀವ ಕೊಡಬಹುದು ಎಂಬುದು ನಿಜ. ಅದು ಇಂದಿನ ಕಂಪ್ಯೂಟರ್ ಆಗುತ್ತದೆ ಎಂಬುದು ಸುಳ್ಳು. ಅಂಥ ವಿಡಿಯೊ ಫಾರ್ವರ್ಡ್ ಮಾಡುವುದಾದರೆ, ಪವರ್ ಸಪ್ಲೈ ಬಗೆಗಿನ ಎಚ್ಚರಿಕೆಯನ್ನೂ ಜೊತೆಗೆ ಕಳಿಸಿ.