ಗ್ಲಾಸಿನೊಳಗ ತೊಗಲಿನ ವಾಸನೆ ಬಂದ್ರ ಹೊಗಳಿಕೆ, ಕೇರಿಯೊಳಗ ಬಂದ್ರ ಮೈಲಿಗೆ!



ಈ ಪೋಸ್ಟು ಒಂದು ಬಿಯರಿನ ಬಗ್ಗೆ. 'ಏನ್ರಿ ಸರ್, ನೀವೂ ಶುರು ಮಾಡಿದ್ರ್ಯಾ?' ಅಂತ ಕಮೆಂಟ್ ಹಾಕೋ ಮೊದಲು ಪೂರ್ತಿ ಓದ್ರಿ. ನಾನು ಕುಡಿಯೋದಿಲ್ಲ. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಕುಡಿಯೋದಿಲ್ಲ ಅನ್ನೋದೂ ಒಂದು. ಅದನ್ನ ಪಾಲಿಸ್ತೀನಿ. ಆದ್ರ ಮೂಸಿ ನೋಡಬಾರದು ಅಂತ ಯಾವ ಪ್ರತಿಜ್ಞೆಯೂ ಇಲ್ಲ.

ಬೆಂಗಳೂರಿನಲ್ಲಿ ಗೆಳೆಯರು 'ವೈಲ್ಡ್ ಏಲ್' ರುಚಿ ನೋಡೋ ಕೂಟಕ್ಕ ಕರೆದಿದ್ರು. ಕೆಂಪು ವೈನ್ ಮಾಡೋ ದ್ರಾಕ್ಷಿ ಹಾಕಿ, ಕಾಡು ಯೀಸ್ಟಿನಿಂದ ಹುದುಗಿಸಿದ ಬಿಯರು. ದಾಳಿಂಬೆ ಬಣ್ಣ, ಹುಣಸೆಹಣ್ಣಿನಂಥ ಹುಳಿ ವಾಸನೆ. ಎಲ್ಲರೂ ಗ್ಲಾಸು ತಿರುಗಿಸಿ, ಮೂಗಿಗೆ ಹಿಡಿದು, ಒಂದು ಗುಟುಕು ಬಾಯಾಗ ಇಟ್ಟುಕೊಂಡು ಗುಣಗಾನ ಶುರು ಮಾಡಿದ್ರು. ಒಬ್ಬರಿಗೆ 'ಲೆದರ್' ಸಿಕ್ತು, ಅಂದ್ರ ತೊಗಲು. ಇನ್ನೊಬ್ಬರಿಗೆ ದನದ ಕೊಟ್ಟಿಗೆ. ಮತ್ತೊಬ್ಬರಿಗೆ ಕುದುರೆ ಮೈಮ್ಯಾಲಿನ ಕಂಬಳಿ. ಇದು ಬೈಗುಳಲ್ರಿ. ಇಂಥ ಬಿಯರಿಗೆ ಇದೇ ಹೊಗಳಿಕೆ.

ಈ ವಾಸನೆ ಬ್ರೆಟ್ಟನೊಮೈಸಿಸ್ ಅನ್ನೋ ಯೀಸ್ಟಿನದು. 1904ರಲ್ಲಿ ಡೆನ್ಮಾರ್ಕಿನ ಕ್ಲಾಸೆನ್ ಅನ್ನೋ ವಿಜ್ಞಾನಿ ಇದಕ್ಕ ಹೆಸರಿಟ್ಟ. ಇನ್ನು ನಾಲಿಗೆ ಹಿಡಿಯೋ ಒಗರು ಐತೆಲ್ಲ, ಅದು ಟ್ಯಾನಿನ್. ದ್ರಾಕ್ಷಿ ಸಿಪ್ಪೆಯಿಂದ, ಓಕ್ ಮರದ ಪೀಪಾಯಿಯಿಂದ ಬರ್ತದ. ತೊಗಲು ಹದ ಮಾಡೋ ಕೆಲಸಕ್ಕ ಇಂಗ್ಲಿಷಿನಾಗ 'ಟ್ಯಾನಿಂಗ್' ಅಂತಾರ. ಟ್ಯಾನಿನ್ ಅನ್ನೋ ಹೆಸರು ಹುಟ್ಟಿದ್ದೇ ಆ ಕಸುಬಿನಿಂದ. ನಮ್ಮಜ್ಜ ತಂಗಡಿ ತೊಗಟೆ, ಜಾಲಿ ತೊಗಟೆ ಕುಟ್ಟಿ ನೀರಿಗೆ ಹಾಕಿ ತೊಗಲು ನೆನಸ್ತಿದ್ದನಲ್ಲ, ಆ ತೊಗಟೆಯೊಳಗೂ ಇರೋದು ಇದೇ ಜಾತಿಯ ಒಗರು.

ಈಗ ನನ್ನ ಪ್ರಶ್ನೆ. ಅದೇ ವಾಸನೆ, ಅದೇ ಒಗರು. ಗ್ಲಾಸಿನೊಳಗ ಇದ್ರ ಅಭಿರುಚಿ, ನಮ್ಮಜ್ಜನ ಕೈಯಾಗ ಇದ್ರ ಮೈಲಿಗೆ. ಇದನ್ನ ನಿರ್ಧಾರ ಮಾಡಿದ್ದು ಮೂಗೋ, ಜಾತಿಯೋ?

ನಮ್ಮ ದೇಗಾಂವದ ಕಮಲನಾರಾಯಣ ಗುಡಿ ನೋಡಾಕ ಬಂದವರಿಗೆ ಕದಂಬರ ರಾಣಿ ಕಮಲಾದೇವಿಯ ಹೆಸರು, ಶಿಲ್ಪಿ ತಿಪ್ಪೋಜನ ಹೆಸರು ಹೇಳ್ತಾರ. ಹೇಳಲೇಬೇಕು. ಆದ್ರ ಬಾವಿಯಿಂದ ನೀರೆತ್ತೋ ತೊಗಲಿನ ಚೀಲ, ಎತ್ತಿನ ಮಿಣಿ, ಬಾರಕೋಲು, ಜಾತ್ರಿಯ ಹಲಗಿ, ರೈತನ ಕಾಲಿನ ಚಪ್ಪಲಿ ಮಾಡಿಕೊಟ್ಟವರ ಹೆಸರು ಯಾವ ಕಲ್ಲಿನ ಮ್ಯಾಲೆ ಐತಿ? ಚೀಲದಿಂದ ಸುರಿದ ನೀರು ಹೊಲಕ್ಕ ಬೇಕು, ಅದನ್ನ ಹೊಲಿದವನು ಮಾತ್ರ ಬಾವಿ ಮುಟ್ಟಬಾರದು!

ಬೆಲ್ಜಿಯಂ ನೋಡ್ರಿ. ಬ್ರಸೆಲ್ಸಿನಲ್ಲಿ 1900ರಲ್ಲಿ ಶುರುವಾದ ಕ್ಯಾಂಟಿಲಾನ್ ಅನ್ನೋ ಬಿಯರ್ ಮನೆ ಇಂದಿಗೂ ಮಾಳಿಗೆಯೊಳಗ ರಾತ್ರಿಯಿಡೀ ಬಿಯರಿನ ರಸವನ್ನ ಗಾಳಿಗೆ ತೆರೆದಿಡ್ತದ. ಗಾಳಿಯಾಗಿನ ಯೀಸ್ಟು ತಾನಾಗೇ ಬಂದು ಸೇರ್ತದ. ಜೇಡರ ಬಲೆಯನ್ನೂ ತೆಗೆಯೋದಿಲ್ಲ. ಮರ್ಲೋ, ಕ್ಯಾಬರ್ನೆ ಫ್ರಾಂಕ್ ದ್ರಾಕ್ಷಿ ನೆನೆಸಿದ ಬಿಯರೂ ಅಲ್ಲೇ ಆಗ್ತದ. 2016ರಲ್ಲಿ ಯುನೆಸ್ಕೋ ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನ ಮಾನವಕುಲದ ಪರಂಪರೆ ಪಟ್ಟಿಗೆ ಸೇರಿಸ್ತು. ಅವರು ತಮ್ಮ ಕಸುಬುದಾರರನ್ನ ಗೌರವಿಸಿದ್ರು, ನನಗ ಹೊಟ್ಟೆಕಿಚ್ಚಿಲ್ಲ. ಹುದುಗು, ಹದ, ಒಗರು ಬಲ್ಲ ನಮ್ಮ ಜನರನ್ನ ಊರ ಹೊರಗೆ ಇಟ್ಟವರ ಮ್ಯಾಲೆ ಸಿಟ್ಟೈತಿ.

ಇನ್ನು ನಮ್ಮ ಸರ್ಕಾರ. 2007ರ ಜುಲೈ 1ರಿಂದ ಸಾರಾಯಿ ನಿಷೇಧ. ಅದೇ 2007ರಲ್ಲಿ ರಾಜ್ಯದ ವೈನ್ ನೀತಿ, ವೈನ್ ಬೋರ್ಡ್. ವೈನಿಗೆ ಮೇಳ, ಪ್ರೋತ್ಸಾಹ. ಸಾರಾಯಿ ಹೋದ ಜಾಗಕ್ಕ ಕೇರಿಗೆ ಬಂದದ್ದು ಏನು? ಅಗ್ಗದ ವಿಸ್ಕಿ-ಬ್ರಾಂದಿ ಪ್ಯಾಕೆಟ್ಟು. ಕಬ್ಬು ಕಡಿಯಾಕ ನಮ್ಮವರು. ಕಬ್ಬಿನಿಂದ ಕಾಕಂಬಿ, ಕಾಕಂಬಿಯಿಂದ ಸ್ಪಿರಿಟ್ಟು, ಅದು ಪ್ಯಾಕೆಟ್ಟಾಗಿ ತಿರುಗಿ ನಮ್ಮ ಓಣಿಗೇ. ದುಡಿದ ಕೂಲಿ ಖಜಾನೆಗೆ, ಕೆಟ್ಟ ಹೆಸರು ಕೇರಿಗೆ. ಉಳ್ಳವರು ಕುಡಿದ್ರ 'ಟೇಸ್ಟಿಂಗ್', ನಮ್ಮವರು ಕುಡಿದ್ರ 'ಕುಡುಕರು'.

'ಹಂಗಾದ್ರ ನಿಮ್ಮವರಿಗೂ ವೈನ್ ಬೇಕೇನು?' ಅಂತ ಕೇಳೋರು ಇರ್ತೀರಿ. ಬ್ಯಾಡ. ಕುಡಿತ ನಮ್ಮ ಮನೆಗಳನ್ನ ನುಂಗಿದ್ದು ನಮಗ ಗೊತ್ತೈತಿ. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಹೋಗಿದ್ರು. ಆ ತಾಯಂದಿರ ಕಾಲಿನ ಬೊಬ್ಬೆಗಿಂತ ದೊಡ್ಡ ವಾದ ನನ್ನ ಹತ್ರ ಇಲ್ಲ.

ನಾವು ಕೇಳೋದು ಎರಡೇ. ಒಂದು, ಊರಾಗ ಮದ್ಯದಂಗಡಿ ಇರಬೇಕೋ ಬ್ಯಾಡೋ ಅನ್ನೋದನ್ನ ಆ ಊರ ಹೆಣ್ಣುಮಕ್ಕಳು ಗ್ರಾಮಸಭೆಯೊಳಗ ತೀರ್ಮಾನಿಸಲಿ. ಎರಡು, ತೊಗಟೆಯಿಂದ ತೊಗಲು ಹದ ಮಾಡೋ ವಿದ್ಯೆ ಬಲ್ಲ ಹಿರಿಯರು ಇನ್ನೂ ಬದುಕಿದ್ದಾಗಲೇ ಅದನ್ನ ವಿಜ್ಞಾನ ಅಂತ ದಾಖಲಿಸ್ರಿ, ಅವರ ಹೆಸರಿನ ಸಮೇತ. ಅವರ ಮಕ್ಕಳನ್ನ ಮತ್ತ ಅದೇ ಕಸುಬಿಗೆ ಕಟ್ಟಿಹಾಕಬ್ಯಾಡ್ರಿ. ಮಕ್ಕಳಿಗೆ ಲ್ಯಾಬೊರೇಟರಿ ಬೇಕು, ಹಾಸ್ಟೆಲ್ ಬೇಕು, ನೆಲ ಬೇಕು.

ಮುಂದಿನ ಸಲ ಗ್ಲಾಸು ಮೂಸಿ 'ಆಹಾ, ಲೆದರ್!' ಅನ್ನೋರು ಒಂದು ಕೆಲಸ ಮಾಡ್ರಿ. ಆ ವಾಸನೆ ಮೈಗೆ ಹತ್ತಿಸಿಕೊಂಡು ಬದುಕಿದವರ ಮನ್ಯಾಗ ಕುಂತು ಒಂದು ಲೋಟ ನೀರು ಕೇಳಿ ಕುಡೀರಿ. ನಿಮ್ಮ ಅಭಿರುಚಿ ಎಷ್ಟು ಪಕ್ವ ಆಗೇತಿ ಅನ್ನೋದು ಆಗ ತಿಳೀತದ.

ಜೈ ಭೀಮ್. ಒಪ್ಪಿದ್ರ ಶೇರ್ ಮಾಡ್ರಿ, ಒಪ್ಪದಿದ್ರ ಕೆಳಗ ವಾದ ಮಾಡ್ರಿ.